ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಒದ್ದೆ ಛತ್ರಿಯನ್ನು ಹೊಸಿಲಾಚೆಯೇ ಬಿಟ್ಟು ಒಳಬಂದವಳು ಪ್ಲಾಸ್ಟಿಕ್ ಚೀಲದಿಂದ ಒಂದು ಕಂತೆ ಕಾಗದ ತೆಗೆದಳು. ಪಿಎಚ್.ಡಿ. ಮಾಡುತ್ತಿದ್ದಾಳಂತೆ. ‘ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಪತ್ರ ತಂತ್ರಾಂಶದ ಅಳವಡಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು’ ಎಂಬುದು ವಿಷಯ. "ಮೇಡಂ, ನೀವು ಫೈನಾನ್ಸ್ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಇದ್ದಿರಂತೆ. ಈ ಪ್ರಶ್ನಾವಳಿ ತುಂಬಿಕೊಟ್ಟರೆ ಉಪಕಾರವಾಗುತ್ತೆ. ಬರೆಯೋದೇನಿಲ್ಲ, ಟಿಕ್ ಹಾಕಿದರೆ ಸಾಕು" ಎಂದಳು. ಪಾಪ, ದೂರದಿಂದ ಬಂದ ಮಗು. ಕಾಫಿಗೆ ಹಾಲಿಟ್ಟು ಬಂದು ಕನ್ನಡಕ ಹಾಕಿಕೊಂಡು ಕೂತೆ.

ಹೆಸರು ಬೇಡ, ವಯಸ್ಸು ಬೇಕು, ಲಿಂಗ ಬೇಕು. ಆಮೇಲೆ ಸಾಲು ಸಾಲು ಹೇಳಿಕೆಗಳು. ಪ್ರತಿಯೊಂದರ ಮುಂದೆ ಐದು ಚೌಕ: ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗೆ. ತಂತ್ರಾಂಶ ಉಪಯುಕ್ತವೇ, ಕಲಿಯಲು ಸುಲಭವೇ, ಮೇಲಧಿಕಾರಿಗಳ ಪ್ರೋತ್ಸಾಹವಿತ್ತೇ... ಚಕಚಕನೆ ಟಿಕ್ ಹಾಕುತ್ತ ಹೋದವಳು ಹದಿನೇಳನೆಯದಕ್ಕೆ ಬಂದು ನಿಂತೆ. ‘ಹಿರಿಯ ವಯಸ್ಸಿನ ಮಹಿಳಾ ಸಿಬ್ಬಂದಿ ಹೊಸ ತಂತ್ರಾಂಶವನ್ನು ವಿರೋಧಿಸುತ್ತಾರೆ.’ ಒಪ್ಪುತ್ತೀರೋ, ಇಲ್ಲವೋ?

ಒಲೆಯ ಮೇಲಿನ ಹಾಲು ಉಕ್ಕಿತು. ಅದಕ್ಕಿಂತ ಮೊದಲು ನಾನು ಉಕ್ಕಿದೆ.

ಆ ಹುಡುಗಿಯ ಮೇಲಲ್ಲ. ಅವಳಿಗೆ ಗೈಡ್ ಕೊಟ್ಟ ಪ್ರಶ್ನೆ, ಗೈಡಿಗೆ ಯಾವುದೋ ಹಳೆಯ ಪ್ರಬಂಧ ಕೊಟ್ಟ ಪ್ರಶ್ನೆ. ಆದರೆ ಅದೇ ಮಾತನ್ನು ನಾನು ನೌಕರಿಯಲ್ಲಿದ್ದಾಗ ಎಷ್ಟು ಸಲ ಕೇಳಿದ್ದೇನೆ! "ಈ ಹೆಂಗಸರಿಗೆ ಕಂಪ್ಯೂಟರ್ ಅಂದ್ರೆ ಆಗೋದಿಲ್ಲ ರೀ, ಹಳೇ ಲೆಡ್ಜರ್ ಬಿಡೋದಿಲ್ಲ." ಹೋಗಲಿ, ಬಾಯಿಮಾತಿನ ಚುಚ್ಚು ಎಂದು ನುಂಗಿಕೊಂಡಿದ್ದೆ. ಈಗ ನೋಡಿದರೆ ಅದು ಪ್ರಶ್ನಾವಳಿಯೊಳಗೆ ಹೊಕ್ಕಿದೆ. ನಾಳೆ ಪ್ರಬಂಧದೊಳಗೆ ಹೋಗುತ್ತದೆ, ನಾಡಿದ್ದು ಸತ್ಯವಾಗುತ್ತದೆ. ಅಷ್ಟರೊಳಗೆ ನನಗೆ ಗೊತ್ತಿರುವುದನ್ನು ಹೇಳಿಬಿಡಬೇಕು.

ನಾನು 1988ರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದೆ. 2019ರಲ್ಲಿ ಅಧೀಕ್ಷಕಳಾಗಿ ನಿವೃತ್ತಳಾದೆ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದವು ತಮಗಲ್ಲ ಎಂದು ನಿಶ್ಚಿಂತೆಯಿಂದ ಇದ್ದುಬಿಡುತ್ತವೆ. ನಮ್ಮ ಸೆಕ್ಷನ್ನಿನಲ್ಲಿ ಹನ್ನೊಂದು ಜನ, ಏಳು ಜನ ಹೆಂಗಸರು. ನಗದು ಪುಸ್ತಕ ಬರೆಯುವವರು ನಾವು, ವೋಚರಿಗೆ ನಂಬರ್ ಹಾಕುವವರು ನಾವು, ತಿಂಗಳ ಕೊನೆಗೆ ಬ್ಯಾಂಕಿನ ಪಾಸ್‌ಶೀಟಿನ ಜೊತೆ ತಾಳೆ ನೋಡುವವರು ನಾವು. ಹತ್ತು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಹತ್ತು ರೂಪಾಯಿ ತಲೆಯಲ್ಲಿ. ಸಹಿ ಮಾಡುವವರು ಮಾತ್ರ ಬೇರೆ.

ವಿಶ್ವವಿದ್ಯಾಲಯದ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಅದು ನಮ್ಮ ಅಡುಗೆಮನೆಯ ಲೆಕ್ಕದಂತೆ. ನಗಬೇಡಿ. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಹಾಲಿನವನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಸ್ಕೂಲ್ ಫೀಸು, ದೇವರ ಗೂಡಿನ ಹಿಂದೆ ತಿರುಪತಿಯ ಮುಡಿಪು ಇಡುತ್ತಿದ್ದಳು. ಮನೆಯಲ್ಲಿ ಒಟ್ಟು ಎಷ್ಟಿದೆ ಎಂಬುದಕ್ಕಿಂತ ಯಾವುದು ಯಾವುದಕ್ಕೆ ಮೀಸಲು ಎಂಬುದೇ ಮುಖ್ಯ. ಮುಡಿಪಿನ ದುಡ್ಡು ತೆಗೆದು ತರಕಾರಿ ತಂದರೆ ಮಹಾಪಾಪ. ತಂದರೂ ಒಂದನೇ ತಾರೀಖು ತಿರುಗಿ ಇಡಬೇಕು. ವಿಶ್ವವಿದ್ಯಾಲಯದಲ್ಲೂ ಹೀಗೆಯೇ. ಸರ್ಕಾರದ ಸಂಬಳದ ಅನುದಾನ ಒಂದು ಡಬ್ಬಿ, ಯುಜಿಸಿ ಕೊಟ್ಟದ್ದು ಇನ್ನೊಂದು, ಪರೀಕ್ಷಾ ಶುಲ್ಕ ಮತ್ತೊಂದು. ವಿದ್ಯಾರ್ಥಿವೇತನ, ಪಿಂಚಣಿ ನಿಧಿ, ಸಂಶೋಧನಾ ಯೋಜನೆ, ಯಾರೋ ಪುಣ್ಯಾತ್ಮರು ತಂದೆಯ ನೆನಪಿಗೆ ಚಿನ್ನದ ಪದಕಕ್ಕೆಂದು ಇಟ್ಟ ದತ್ತಿ, ಪ್ರತಿಯೊಂದಕ್ಕೂ ತನ್ನದೇ ಡಬ್ಬಿ. ಲಾಭ ನಷ್ಟ ನೋಡುವ ತಂತ್ರಾಂಶವನ್ನು ತಂದು ಇಲ್ಲಿ ಕೂರಿಸಿದರೆ ಅದಕ್ಕೆ ಡಬ್ಬಿಗಳ ಗುಟ್ಟು ತಿಳಿಯುವುದಿಲ್ಲ. ತಿಳಿಸಿಕೊಡಬೇಕು. ತಿಳಿಸಿಕೊಡಬಲ್ಲವರು ಯಾರು? ಡಬ್ಬಿ ಮುಟ್ಟುವವರು. ಅವರನ್ನೇ ಯಾರೂ ಕೇಳಲಿಲ್ಲ.

ನಮ್ಮಲ್ಲಿಗೆ ತಂತ್ರಾಂಶ ಬಂದದ್ದು 2006ರಲ್ಲಿ. ಟೆಂಡರು ಆಯಿತು, ಸಿಂಡಿಕೇಟು ಒಪ್ಪಿತು. ಒಂದು ಸೋಮವಾರ ನಾವು ಆಫೀಸಿಗೆ ಹೋದರೆ ಮೇಜಿನ ಮೇಲೆ ಕಂಪ್ಯೂಟರ್. ಮೂರು ಜನ ಹುಡುಗರು ಬಂದು ಎರಡು ದಿನ ಕುಲಸಚಿವರ ಕೋಣೆಯಲ್ಲಿ, ಹಣಕಾಸು ಅಧಿಕಾರಿಗಳ ಕೋಣೆಯಲ್ಲಿ ಕೂತು ‘ವ್ಯವಸ್ಥೆಯ ಅಧ್ಯಯನ’ ಮಾಡಿದರು. ನಮ್ಮ ಹಾಲಿಗೂ ಬಂದರು, ಪ್ಲಗ್ ಎಲ್ಲಿದೆ ಎಂದು ಕೇಳಲು.

ತರಬೇತಿ ಇರಲಿಲ್ಲವೇ? ಇತ್ತು. ಬೆಂಗಳೂರಿನಲ್ಲಿ ಮೂರು ದಿನ. ಹೋದವರು ಇಬ್ಬರು. ಒಬ್ಬರಿಗೆ ಐದು ತಿಂಗಳಲ್ಲಿ ನಿವೃತ್ತಿ. ಇನ್ನೊಬ್ಬರು ಎಸ್ಟೇಟ್ ವಿಭಾಗಕ್ಕೆ ವರ್ಗವಾಗಲಿದ್ದವರು. "ನಮ್ಮನ್ನೂ ಕಳಿಸಿ ಸರ್" ಎಂದು ನಾವು ಮೂವರು ಹೋಗಿ ನಿಂತೆವು. "ನಿಮಗೆ ಮನೆ, ಮಕ್ಕಳು, ಎಲ್ಲಿ ರಾತ್ರಿ ಉಳೀತೀರಮ್ಮಾ? ಅವರು ಬಂದು ನಿಮಗೆ ಹೇಳಿಕೊಡ್ತಾರೆ" ಎಂದರು. ಎಷ್ಟು ಕಾಳಜಿ! ಮಾರ್ಚ್ 31ರ ರಾತ್ರಿ ಹನ್ನೊಂದರವರೆಗೆ ಅದೇ ಹೆಂಗಸರನ್ನು ಕೂರಿಸಿಕೊಂಡು ಲೆಕ್ಕ ಮುಗಿಸುವಾಗ ಈ ಮನೆ, ಮಕ್ಕಳು ಯಾರ ನೆನಪಿಗೂ ಬರುವುದಿಲ್ಲ. ಹೋಗಿ ಬಂದವರು ಒಂದು ಬ್ಯಾಗು, ಒಂದು ಪೆನ್ನು, ಇಂಗ್ಲಿಷಿನ ಒಂದು ದಪ್ಪ ಪುಸ್ತಕ ತಂದರು. ಪುಸ್ತಕ ಬೀರುವಿಗೆ ಹೋಯಿತು. ಬೀರುವಿನ ಕೀಲಿ ಅವರ ಹತ್ತಿರವೇ.

ಆಮೇಲೆ ನಮ್ಮ ಕೆಲಸ ಸುರುವಾಯಿತು. ವೋಚರನ್ನು ಕಂಪ್ಯೂಟರಿಗೆ ಏರಿಸಬೇಕಾದರೆ ಲೆಕ್ಕಶೀರ್ಷಿಕೆ ಆರಿಸಬೇಕು. ಘಟಿಕೋತ್ಸವದ ಶಾಮಿಯಾನಕ್ಕೆ ಶೀರ್ಷಿಕೆಯಿಲ್ಲ. ಉತ್ತರಪತ್ರಿಕೆ ತಿದ್ದಿದವರ ಭತ್ಯೆಗೆ ಶೀರ್ಷಿಕೆಯಿಲ್ಲ. ಪದಕದ ದತ್ತಿಯ ಬಡ್ಡಿಗೂ ಇಲ್ಲ. ಏನು ಮಾಡೋಣ ಎಂದು ಫೋನು ಮಾಡಿದರೆ ಆ ಕಡೆಯ ಹುಡುಗ, "ಸದ್ಯಕ್ಕೆ ‘ಇತರೆ’ಗೆ ಹಾಕಿ ಮೇಡಂ" ಎನ್ನುತ್ತಿದ್ದ. ವರ್ಷದ ಕೊನೆಗೆ ನೋಡಿದರೆ ‘ಇತರೆ’ ಎಂಬ ಖಾತೆ ಬೆಟ್ಟದಂತೆ ಬೆಳೆದು ಕೂತಿತ್ತು. ಎಲ್ಲ ಡಬ್ಬಿಗಳನ್ನೂ ಒಂದೇ ಪಾತ್ರೆಗೆ ಸುರಿದ ಹಾಗೆ. ಆಡಿಟ್‌ನವರು ಬಂದು ಅದನ್ನೊಪ್ಪದೆ, ಪುಟಸಂಖ್ಯೆ ಹಾಕಿದ ಕೈಬರಹದ ಪುಸ್ತಕವೇ ಬೇಕು ಎಂದರು. ಸರಿ, ಬೆಳಿಗ್ಗೆ ಲೆಡ್ಜರು ಬರೆಯುವುದು, ಮಧ್ಯಾಹ್ನ ಅದನ್ನೇ ಕಂಪ್ಯೂಟರಿಗೆ ತುಂಬುವುದು. ಕೆಲಸ ಹಗುರ ಮಾಡಲು ಬಂದದ್ದು ಇಮ್ಮಡಿ ಮಾಡಿತು. ವಾಷಿಂಗ್ ಮೆಷೀನು ತಂದುಕೊಟ್ಟು, ಬಟ್ಟೆಯನ್ನು ಒಮ್ಮೆ ಕಲ್ಲಿನ ಮೇಲೂ ಒಗೆದುಬಿಡು ಎಂದರೆ ಹೇಗೋ ಹಾಗೆ.

ನಮ್ಮದೂ ತಪ್ಪಿತ್ತು, ಒಪ್ಪುತ್ತೇನೆ. ಆರಂಭದಲ್ಲಿ ನನಗೆ ಭಯವೇ ಇತ್ತು. ಯಾವ ಗುಂಡಿ ಒತ್ತಿದರೆ ಯಾವುದು ಅಳಿಸಿಹೋಗುತ್ತದೋ! ಮನೆಯಿಂದ ಕಸೂತಿ ಹಾಕಿದ ಬಟ್ಟೆ ತಂದು ಕಂಪ್ಯೂಟರಿಗೆ ಹೊದಿಸಿದ್ದೆ, ಧೂಳಿಗೆಂದು ಹೇಳುತ್ತಿದ್ದೆ, ನಿಜವಾಗಿ ಅದನ್ನು ನೋಡದಿರಲೆಂದು. ಆಗದ ಕೆಲಸಕ್ಕೆಲ್ಲ ‘ಸರ್ವರ್ ಡೌನ್’ ಎಂದು ವಿದ್ಯಾರ್ಥಿಗಳನ್ನು ವಾಪಸು ಕಳಿಸಿದ್ದೂ ಇದೆ. ಆದರೆ ಎಷ್ಟು ದಿನ? ಅನುಕಂಪದ ಆಧಾರದ ಮೇಲೆ ಕೆಲಸಕ್ಕೆ ಬಂದಿದ್ದ, ನಲವತ್ತು ದಾಟಿದ ಒಬ್ಬಾಕೆ ನಮ್ಮಲ್ಲಿದ್ದರು. ಅವರ ಮಗ ಡಿಪ್ಲೊಮಾ ಓದುತ್ತಿದ್ದ. ಅವನು ಹೇಳಿಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಬರುತ್ತಿದ್ದರು: ಮೊದಲು ಇದು ಒತ್ತು, ಆಮೇಲೆ ಅದು. ಆ ನೋಟ್‌ಬುಕ್ಕಿನ ಜೆರಾಕ್ಸೇ ನಮ್ಮ ಪಾಠಪುಸ್ತಕ. ಬೀರುವಿನ ದಪ್ಪ ಪುಸ್ತಕ ಕಲಿಸದ್ದನ್ನು ಆ ನೂರು ಪುಟದ ನೋಟ್‌ಬುಕ್ಕು ಕಲಿಸಿತು. ಎರಡು ವರ್ಷದಲ್ಲಿ ನಾವು ಏಳು ಜನವೂ ಪಳಗಿದೆವು. ‘ಇತರೆ’ಯಲ್ಲಿ ಬಿದ್ದದ್ದನ್ನೆಲ್ಲ ಒಂದೊಂದಾಗಿ ಎತ್ತಿ ಅದರದರ ಡಬ್ಬಿಗೆ ಹಾಕಿದೆವು. ಇದು ವಿರೋಧವೇ?

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

2009ರ ಫೆಬ್ರವರಿ ಇರಬೇಕು. ತಂತ್ರಾಂಶದಲ್ಲಿ ‘ಹೊಂದಾಣಿಕೆಯಾಗದ ಮುಂಗಡಗಳು’ ಎಂಬ ಒಂದು ವರದಿ ಇತ್ತು. ವಿಚಾರ ಸಂಕಿರಣ, ಪ್ರವಾಸ, ಖರೀದಿ ಎಂದು ಪ್ರಾಧ್ಯಾಪಕರು, ಅಧಿಕಾರಿಗಳು ಮುಂಗಡ ಹಣ ತೆಗೆದುಕೊಳ್ಳುತ್ತಾರೆ. ಮುಗಿದ ಮೇಲೆ ಬಿಲ್ಲು ಕೊಟ್ಟು, ಉಳಿದದ್ದನ್ನು ಕಟ್ಟಿ ಲೆಕ್ಕ ಚುಕ್ತಾ ಮಾಡಬೇಕು. ಕೈಬರಹದ ಕಾಲದಲ್ಲಿ ಯಾರದು ಬಾಕಿ ಎಂದು ಹುಡುಕಲು ಹತ್ತು ರಿಜಿಸ್ಟರು ತಿರುವಬೇಕಿತ್ತು. ಈಗ ಒಂದು ಗುಂಡಿ. ಕುತೂಹಲಕ್ಕೆ ಒತ್ತಿದೆ. ಪ್ರಿಂಟರು ಕಿರಕಿರ ಎನ್ನುತ್ತ ಹಾಳೆಯ ಮೇಲೆ ಹಾಳೆ ಹೊರಹಾಕಿತು. ಹೆಸರು, ಇಲಾಖೆ, ತಾರೀಖು, ಮೊತ್ತ. ಎಂಟು ವರ್ಷದ ಹಿಂದಿನವೂ ಇದ್ದವು. ಸಭೆಗಳಲ್ಲಿ ನಮಗೆ ಶಿಸ್ತು ಬೋಧಿಸುವವರ ಹೆಸರೂ ಇದ್ದವು.

ನನಗೆ ಸಂತೋಷವೇ ಆಯಿತೆನ್ನಿ. ಮೂರು ವರ್ಷ ಬೆನ್ನು ಬಗ್ಗಿಸಿ ತುಂಬಿದ್ದು ಕೊನೆಗೂ ಒಂದು ಫಲ ಕೊಟ್ಟಿತಲ್ಲ! ಹಾಳೆಗಳನ್ನು ಟ್ಯಾಗಿನಲ್ಲಿ ಪೋಣಿಸಿ ಸಾಹೇಬರ ಮುಂದಿಟ್ಟೆ. ಅವರು ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು, ನಿಧಾನವಾಗಿ ಮಡಚಿ ಡ್ರಾಯರಿನೊಳಗೆ ಹಾಕಿದರು. "ಇದನ್ನ ಯಾರು ತೆಗೀರಿ ಅಂದರು?" ಎಂದರು. ಅಷ್ಟೆ.

ಮುಂದಿನ ವಾರ ನಮ್ಮ ಲಾಗಿನ್‌ನಿಂದ ಆ ವರದಿ ಮಾಯವಾಯಿತು. ಅದರ ಮುಂದಿನ ಸಭೆಯಲ್ಲಿ ತಂತ್ರಾಂಶದಲ್ಲಿ ‘ಅನೇಕ ದೋಷಗಳಿವೆ’ ಎಂಬ ಮಾತು ಹುಟ್ಟಿತು. ಮಾರ್ಚ್ ನಂತರ ಕಂಪನಿಯ ನಿರ್ವಹಣೆ ಕರಾರು ನವೀಕರಣವಾಗಲಿಲ್ಲ. ಒಂದು ದಿನ ಸರ್ವರು ನಿಂತಿತು, ಯಾರೂ ಎತ್ತಲಿಲ್ಲ. ತಂತ್ರಾಂಶ ಏಕೆ ಸೋತಿತೆಂದು ನೋಡಲು ಒಂದು ಸಮಿತಿಯಾಯಿತು. ಅದರಲ್ಲಿ ನಮ್ಮ ಸೆಕ್ಷನ್ನಿನವರು ಒಬ್ಬರೂ ಇರಲಿಲ್ಲ. ನಾನು ಆ ವರದಿಯನ್ನು ಕಡತದಲ್ಲಿ ಓದಿದ್ದೇನೆ. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು: ‘ಸಿಬ್ಬಂದಿಯ ನಿರಾಸಕ್ತಿ ಮತ್ತು ಅಸಹಕಾರ.’ ಆ ನೋಟ್‌ಬುಕ್ಕಿನ ಹೆಂಗಸು ಅದನ್ನು ಓದಿ ಏನೂ ಅನ್ನಲಿಲ್ಲ. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಲೆಡ್ಜರು ತೆರೆದರು.

ಇದೇ ನಾನು ಹೇಳಬೇಕಾದ ಮಾತು. ವಿಶ್ವವಿದ್ಯಾಲಯದಲ್ಲಿ ಲೆಕ್ಕದ ತಂತ್ರಾಂಶ ಬೇರು ಬಿಡದಿರುವುದಕ್ಕೆ ಕೀಲಿಮಣೆ ಒತ್ತುವವಳ ಭಯ ದೊಡ್ಡ ಕಾರಣವಲ್ಲ. ತೆರೆದ ಪುಸ್ತಕದ ಭಯ ದೊಡ್ಡದು. ಆ ಭಯ ಇರುವುದು ಕೆಳಗಲ್ಲ, ಮೇಲೆ. ಆದರೆ ಮೇಲಿನವರಿಗೆ ಯಾರೂ ಪ್ರಶ್ನಾವಳಿ ಕೊಡುವುದಿಲ್ಲ. ‘ನಿಮ್ಮ ಬಾಕಿ ಮುಂಗಡ ಎಲ್ಲರಿಗೂ ಕಾಣುವುದಾದರೆ ನೀವು ಈ ತಂತ್ರಾಂಶವನ್ನು ಬಯಸುತ್ತೀರಾ? ಸಂಪೂರ್ಣ ಒಪ್ಪುತ್ತೇನೆ...’ ಟಿಕ್ ಹಾಕಲಿ ನೋಡೋಣ!

ಆ ಹುಡುಗಿ ಬಿಟ್ಟುಹೋದ ಕಾಗದಗಳನ್ನು ಓದಿದೆ. ಮಗನ ಸಹಾಯದಿಂದ ಇನ್ನಷ್ಟು ಹುಡುಕಿ ಓದಿದೆ. ಫ್ರೆಡ್ ಡೇವಿಸ್ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲಿ ಹೇಳಿದ್ದೇ ಈ ಎಲ್ಲ ಪ್ರಶ್ನಾವಳಿಗಳ ತಾಯಿಬೇರು. ಇದು ನನಗೆ ಉಪಯೋಗವಾಗುತ್ತದೆ ಎನಿಸಬೇಕು, ಇದು ಸುಲಭ ಎನಿಸಬೇಕು. ಎರಡೂ ಇದ್ದರೆ ಜನ ಹೊಸ ಯಂತ್ರವನ್ನು ಒಪ್ಪುತ್ತಾರೆ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಜೊತೆಗಾರರು ಇದನ್ನು ಬೆಳೆಸಿ, ಸುತ್ತಲಿನವರ ಒತ್ತಾಸೆಯನ್ನೂ, ಅನುಕೂಲ, ತರಬೇತಿ, ಸಹಾಯ ಸಿಗುವುದನ್ನೂ ಸೇರಿಸಿದರು. ವಯಸ್ಸು, ಲಿಂಗ, ಅನುಭವ ಮತ್ತು ಬಳಕೆ ಸ್ವಂತ ಇಚ್ಛೆಯದೋ ಅಲ್ಲವೋ ಎಂಬುದು ಇವುಗಳ ಪ್ರಭಾವವನ್ನು ಹೆಚ್ಚು ಕಡಿಮೆ ಮಾಡುತ್ತದೆ ಎಂದರು. ಮಾತು ಸರಿಯೇ ಇದೆ. ಅವರು ಹೇಳಿದ್ದು ಅನುಕೂಲವೂ ಇರಬೇಕು ಎಂದು. ನಮ್ಮವರು ಹಿಡಿದುಕೊಂಡದ್ದು ವಯಸ್ಸು ಮತ್ತು ಲಿಂಗವನ್ನು.

ಅದೇ ವೆಂಕಟೇಶ್, ಮೋರಿಸ್ ಎಂಬವರ ಜೊತೆ 2000ದಲ್ಲಿ ಮಾಡಿದ ಇನ್ನೊಂದು ಅಧ್ಯಯನವಿದೆ. ಗಂಡಸರು ಯಂತ್ರದ ಉಪಯೋಗವನ್ನು ಹೆಚ್ಚು ನೋಡುತ್ತಾರೆ, ಹೆಂಗಸರು ಅದು ಎಷ್ಟು ಸುಲಭ ಎಂಬುದನ್ನೂ ಸುತ್ತಲಿನವರ ಅಭಿಪ್ರಾಯವನ್ನೂ ಗಮನಿಸುತ್ತಾರೆ ಎಂದು ಅದು ಕಂಡಿತು. ಕೇಳಿದವರು ಇದನ್ನು ನಮ್ಮ ಕೊರತೆ ಎಂದುಕೊಂಡಾರು. ಐದೂವರೆಗೆ ಬಸ್ಸು, ಆರೂವರೆಗೆ ಒಲೆ, ಏಳಕ್ಕೆ ಮಗುವಿನ ಹೋಂವರ್ಕು ಇರುವವಳು ಸುಲಭವಾದದ್ದನ್ನು ಕೇಳದೆ ಇನ್ನೇನು ಕೇಳಬೇಕು? ತನಗೆ ತರಬೇತಿ ಕೊಡದಿದ್ದಾಗ ಪಕ್ಕದವಳನ್ನು ಕೇಳದೆ ಯಾರನ್ನು ಕೇಳಬೇಕು? ಅದು ಅಧೈರ್ಯವಲ್ಲ, ವಿವೇಕ.

ಇದು ನಮ್ಮ ದೇಶದ, ನಮ್ಮ ಊರಿನ ಹಣೆಬರಹ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 2000ದ ಆಗಸ್ಟಿನಲ್ಲಿ ಕ್ಯಾಪ್ಸಾ ಎಂಬ ಹೊಸ ಲೆಕ್ಕದ ವ್ಯವಸ್ಥೆ ತಂದರು. ಆರ್ಡರು ಕೊಟ್ಟ ದಿನವೇ ಆ ಹಣ ಖರ್ಚಾಯಿತೆಂದು ಲೆಕ್ಕ ಹಿಡಿಯುವ ಪದ್ಧತಿ ಅದು. ಕಂತಿನ ಸೀರೆ ಮನೆಗೆ ತಂದ ದಿನವೇ ಪೂರ್ತಿ ಬೆಲೆಯನ್ನು ಡೈರಿಯಲ್ಲಿ ಬರೆದಿಡುತ್ತೀರಲ್ಲ, ಹಾಗೆ. ಒಳ್ಳೆಯದೇ. ಆದರೆ ಸಿದ್ಧತೆಯಿಲ್ಲದೆ ಇಡೀ ವಿಶ್ವವಿದ್ಯಾಲಯದ ಮೇಲೆ ಒಮ್ಮೆಲೇ ಇಳಿಸಿಬಿಟ್ಟರು. ಯಂತ್ರ ನಿಧಾನ. ಸರಕು ಕೊಟ್ಟವರಿಗೆ ಹಣ ಸಂದಾಯವಾಗದು. ಸಂಶೋಧಕರಿಗೆ ತಮ್ಮ ಅನುದಾನದಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯದು. ವಿಭಾಗಗಳ ಕಚೇರಿ ಸಿಬ್ಬಂದಿ ಹೈರಾಣಾದರು. ಸುಮಾರು 90 ಲಕ್ಷ ಪೌಂಡಿನ ಬಾಬತ್ತು, ಆಗಿನ ಬೆಲೆಯಲ್ಲಿ ಅರವತ್ತು ಕೋಟಿ ರೂಪಾಯಿ! ಆದರೆ ಅವರು ಒಂದು ಕೆಲಸ ಮಾಡಿದರು. ಆಂಟನಿ ಫಿಂಕೆಲ್‌ಸ್ಟೈನ್, ಮೈಕೆಲ್ ಶಟಾಕ್ ಎಂಬ ಇಬ್ಬರು ಹೊರಗಿನವರಿಂದ ತನಿಖೆ ಮಾಡಿಸಿ, 2001ರ ನವೆಂಬರಿನಲ್ಲಿ ವರದಿಯನ್ನು ಬಹಿರಂಗವಾಗಿ ಪ್ರಕಟಿಸಿದರು. ವರದಿ ಬೊಟ್ಟು ಮಾಡಿದ್ದು ಗುಮಾಸ್ತರ ಕಡೆಗಲ್ಲ. ಯೋಜನೆಯ ಹೊಣೆ ಯಾರದೆಂದೇ ಸ್ಪಷ್ಟವಿರಲಿಲ್ಲ, ಬಳಸುವವರನ್ನು ಸರಿಯಾಗಿ ಕೇಳಲಿಲ್ಲ, ತರಬೇತಿ ಸಾಲಲಿಲ್ಲ, ಆಡಳಿತವೇ ದುರ್ಬಲವಾಗಿತ್ತು ಎಂದು ಕುರ್ಚಿಯ ಮೇಲಿನವರ ಕಡೆಗೇ ಬೊಟ್ಟು ಮಾಡಿತು. ನಮ್ಮ ಸಮಿತಿಯ ವರದಿ ಇನ್ನೂ ಯಾವ ಕಡತದಲ್ಲಿ ಧೂಳು ತಿನ್ನುತ್ತಿದೆಯೋ.

ಹೆಂಗಸರು, ವಯಸ್ಸಾದವರು ಕಲಿಯುವುದಿಲ್ಲ ಎನ್ನುವವರು ಸುತ್ತ ಒಮ್ಮೆ ನೋಡಲಿ. ನಮ್ಮ ರಾಜ್ಯ ಸರ್ಕಾರ 2002ರಲ್ಲಿ ‘ಖಜಾನೆ’ ಯೋಜನೆ ತಂದಿತು. ತಾಲ್ಲೂಕು ಕೇಂದ್ರಗಳ ಖಜಾನೆಯಲ್ಲೂ ಕಂಪ್ಯೂಟರ್ ಬಂತು, ಮುಂದೆ ‘ಖಜಾನೆ-2’ ಆಯಿತು. ಅಲ್ಲಿ ಕೂತಿದ್ದವರೂ ನಮ್ಮಂಥವರೇ ಅಲ್ಲವೇ? ಕಲಿತರು. ಏಕೆಂದರೆ ಬಿಲ್ಲು ಆ ದಾರಿಯಲ್ಲದೆ ಬೇರೆ ದಾರಿಯಲ್ಲಿ ಪಾಸಾಗುತ್ತಿರಲಿಲ್ಲ, ದೊಡ್ಡವರಿಗೂ ಆಗುತ್ತಿರಲಿಲ್ಲ. ‘ಟ್ಯಾಲಿ’ಯನ್ನೇ ನೋಡಿ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಸುರುಮಾಡಿದ್ದು. ತನ್ನ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವ ತಂತ್ರಾಂಶ ಸಿಗದೆ ತಂದೆ ಮಗನಿಗೆ ಬರೆಯಲು ಹೇಳಿದ್ದೇ ಅದರ ಹುಟ್ಟು. ಲೆಕ್ಕ ಇಡುವವನ ಕಷ್ಟದಿಂದ ಹುಟ್ಟಿತು, ಅದಕ್ಕೇ ಲೆಕ್ಕ ಇಡುವವರಿಗೆ ಒಗ್ಗಿತು. ನಮ್ಮ ಊರುಗಳ ಕಂಪ್ಯೂಟರ್ ಸೆಂಟರುಗಳಲ್ಲಿ ಮೂರು ತಿಂಗಳು ಟ್ಯಾಲಿ ಕಲಿತು ಬಟ್ಟೆ ಅಂಗಡಿಯ, ಗೊಬ್ಬರದ ಅಂಗಡಿಯ ಇಡೀ ಲೆಕ್ಕ ನೋಡಿಕೊಳ್ಳುವ ಹುಡುಗಿಯರು ನಿಮ್ಮ ಬೀದಿಯಲ್ಲೇ ಇದ್ದಾರೆ. ಇನ್ನು ನಮ್ಮ ವಿಶ್ವವಿದ್ಯಾಲಯದ ಗೇಟಿನ ಮುಂದೆ ಹೂ ಮಾರುವ ಅಜ್ಜಿ ಇಸ್ಕೂಲಿನ ಮುಖ ನೋಡಿದವಳಲ್ಲ. ಬುಟ್ಟಿಯ ಪಕ್ಕ ಚೌಕದ ಕೋಡು ಅಂಟಿಸಿಕೊಂಡು, ಹಣ ಬಂದದ್ದನ್ನು ಪೆಟ್ಟಿಗೆ ಕೂಗಿ ಹೇಳುವುದನ್ನು ಕೇಳಿಯೇ ಮೊಳ ಅಳೆಯುತ್ತಾಳೆ. ತನ್ನ ದುಡ್ಡು, ತನ್ನ ಲೆಕ್ಕ, ತಕ್ಷಣ ಉತ್ತರ, ಅದೂ ತನ್ನ ಭಾಷೆಯಲ್ಲಿ. ಅವಳಿಗೆ ಯಾವ ಸಿದ್ಧಾಂತ ಬೇಕು?

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಕೇಂದ್ರ ಸರ್ಕಾರದ ಅನುದಾನಕ್ಕೆಲ್ಲ ಪಿ.ಎಫ್.ಎಂ.ಎಸ್. ಎಂಬ ವ್ಯವಸ್ಥೆ ಕಡ್ಡಾಯವಾಯಿತು. ಅದರಲ್ಲಿ ಇಬ್ಬರಿರುತ್ತಾರೆ. ‘ಮೇಕರ್’ ಅಂದರೆ ಪಾವತಿಯ ವಿವರ ತುಂಬುವವರು, ‘ಚೆಕರ್’ ಅಂದರೆ ಪರಿಶೀಲಿಸಿ ಒಪ್ಪುವವರು. ಒಬ್ಬರ ಮೇಲೊಬ್ಬರ ಕಣ್ಣಿರಲಿ ಎಂಬ ಒಳ್ಳೆಯ ಏರ್ಪಾಡು. ನಡೆಯುತ್ತಿದ್ದದ್ದೇನು? ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್ ನಮ್ಮ ಡ್ರಾಯರಿನಲ್ಲಿ. ಅದರ ಪಾಸ್‌ವರ್ಡ್ ಒಂದು ಚೀಟಿಯಲ್ಲಿ. "ನಾನು ಮೀಟಿಂಗಲ್ಲಿದ್ದೀನಿ, ನೀನೇ ಒತ್ತಿಬಿಡಮ್ಮ." ನಂಬಿಕೆ ಎಂದು ನಾವೂ ಹಿಗ್ಗಿದೆವು. ಒಂದು ಸಲ ಒಂದು ಯೋಜನೆಯ ಹಣ ತಪ್ಪು ಖಾತೆಗೆ ಹೋಯಿತು. ಹಣ ತಿರುಗಿ ಬಂತು, ಯಾರೂ ತಿನ್ನಲಿಲ್ಲ. ಆದರೆ ಕಾರಣ ಕೇಳಿ ನೋಟಿಸು ಬಂದದ್ದು ಯಾರಿಗೆ? ಗುತ್ತಿಗೆಯ ಮೇಲಿದ್ದ ಇಪ್ಪತ್ತಾರರ ಹುಡುಗಿಗೆ. ಒಪ್ಪಿಗೆ ಕೊಟ್ಟದ್ದು ಸಾಹೇಬರ ಹೆಸರಿನಲ್ಲಿ, ಒತ್ತಿದ್ದು ಅವಳ ಬೆರಳು, ‘ಒತ್ತು’ ಎಂದದ್ದು ಬರೀ ಬಾಯಿಮಾತು. ಬಾಯಿಮಾತಿಗೆ ಯಾವ ತಂತ್ರಾಂಶದಲ್ಲೂ ದಾಖಲೆಯಿಲ್ಲ. ಮುಂದಿನ ಜೂನ್‌ನಲ್ಲಿ ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಆಗ ನಾನು ಅಧೀಕ್ಷಕಳು. ಸಾಹೇಬರ ಕೋಣೆಯವರೆಗೆ ಹೋಗಿ ಬಾಗಿಲಲ್ಲೇ ನಿಂತು ತಿರುಗಿ ಬಂದೆ. ಪಿಂಚಣಿಗೆ ಎರಡೇ ವರ್ಷವಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

‘ಇದೆಲ್ಲ ಆಫೀಸಿನ ಗೋಳು, ನಮಗೇನು?’ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ನಿಮ್ಮ ಮನೆಯ ಹುಡುಗ ಅತಿಥಿ ಉಪನ್ಯಾಸಕನಾಗಿ, ನಾಲ್ಕು ತಿಂಗಳಿಂದ ಗೌರವಧನವಿಲ್ಲದೆ ಬೈಕಿನ ಕಂತು ಕಟ್ಟಲಾಗದೆ ಕೂತಿದ್ದಾನೆ ಎಂದುಕೊಳ್ಳಿ. ಆ ಹಣ ಯಾವ ಡಬ್ಬಿಯಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಬಲ್ಲ ಲೆಕ್ಕವೇ ಇಲ್ಲದಿದ್ದರೆ ಅವನು ಯಾರನ್ನು ಕೇಳಬೇಕು? ನಿಮ್ಮ ಮಗಳ ವಿದ್ಯಾರ್ಥಿವೇತನ ‘ಬಂದಿದೆ, ಇನ್ನೂ ಹಾಕಿಲ್ಲ’ ಎನ್ನುತ್ತಾರೆ. ಬಂದದ್ದು ಎಂದು, ಎಲ್ಲಿದೆ, ಏಕೆ ಹಾಕಿಲ್ಲ? ಕೊಟ್ಟ ಹಣ ಬಳಸಿದ್ದಕ್ಕೆ ಸಕಾಲದಲ್ಲಿ ಪ್ರಮಾಣಪತ್ರ ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ನಿಂತರೆ ಮೊದಲು ಬಾಗಿಲು ಹಾಕುವುದು ಕುಲಪತಿಗಳ ಕಾರಿಗಲ್ಲ, ಹುಡುಗಿಯರ ಹಾಸ್ಟೆಲ್ಲಿನ ದುರಸ್ತಿಗೆ. ಲೆಕ್ಕ ಎಂದರೆ ಬರೀ ಅಂಕಿಯಲ್ಲ. ಯಾರಿಗೆ ಸಲ್ಲಬೇಕಾದ್ದು ಯಾರ ಬಳಿ ನಿಂತಿದೆ ಎಂಬುದರ ಸಾಕ್ಷಿ. ಅದಕ್ಕೇ ನನಗೆ ತಂತ್ರಾಂಶ ಬೇಕು. ಹಳೇ ಲೆಡ್ಜರಿನ ಮೋಹ ನನಗಿಲ್ಲ. ಅದರ ಧೂಳಿಗೆ ನನ್ನ ಮೂಗು ಮೂವತ್ತು ವರ್ಷ ಸೀನಿದೆ.

ಆದರೆ ತರುವುದಾದರೆ ಹೀಗೆ ತನ್ನಿ. ಟೆಂಡರು ಬರೆಯುವ ಮೊದಲು ವೋಚರು ಬರೆಯುವವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನ್ನ ಡಬ್ಬಿಗಳು ಯಾವುವು ಎಂದು ಕೇಳಿ. ತರಬೇತಿಗೆ ಕೆಲಸ ಮಾಡುವವರನ್ನೇ ಕಳಿಸಿ; ಮನೆಬಿಟ್ಟು ಬರಲಾಗದವರಿದ್ದರೆ ತರಬೇತಿಯನ್ನೇ ಅವರ ಮೇಜಿಗೆ ತನ್ನಿ, ಕನ್ನಡದಲ್ಲಿ ತನ್ನಿ. ಆಡಿಟ್‌ನವರನ್ನು ಮೊದಲೇ ಒಪ್ಪಿಸಿ, ಎರಡೆರಡು ಸಲ ಬರೆಸಬೇಡಿ. ಸಹಿಯ ಡಾಂಗಲ್ಲು ಸಹಿಯವರ ಕಿಸೆಯಲ್ಲೇ ಇರಲಿ. ಬಾಕಿ ಮುಂಗಡದ ಪಟ್ಟಿಯನ್ನು ಪ್ರತಿ ತಿಂಗಳೂ ಸಿಂಡಿಕೇಟಿನ ಮುಂದೆ ಇಡಿ, ಮೊದಲ ಹೆಸರು ಯಾರದ್ದೇ ಇರಲಿ. ಇಷ್ಟು ಮಾಡಿ. ಆಮೇಲೂ ಹೆಂಗಸರು ವಿರೋಧಿಸಿದರೆ ಹದಿನೇಳನೆಯ ಪ್ರಶ್ನೆ ಕೇಳಿ, ನಾನೇ ಬಂದು ಟಿಕ್ ಹಾಕುತ್ತೇನೆ.

ಆ ಹುಡುಗಿ ಕಾಫಿ ಕುಡಿದು, ನಾನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದಳು. "ಆದರೆ ಮೇಡಂ, ಇದನ್ನೆಲ್ಲ ಎಲ್ಲಿ ತೋರಿಸಲಿ? ಇದಕ್ಕೆ ಕಾಲಮ್ಮೇ ಇಲ್ಲ" ಎಂದಳು ಸಣ್ಣ ದನಿಯಲ್ಲಿ. ಕಾಗದದ ಕೊನೆಗೆ ಎರಡು ಬೆರಳು ಅಗಲದ ಜಾಗವಿತ್ತು. ಮೇಲೆ ‘ಇತರೆ’ ಎಂದು ಬರೆದಿತ್ತು. ನನಗೆ ನಗು ಬಂತು. ಈ ‘ಇತರೆ’ ನನ್ನನ್ನು ನಿವೃತ್ತಿಯಾದ ಮೇಲೂ ಬಿಡಲಿಲ್ಲವಲ್ಲ! ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡುವಾಗ ಪುಟ್ಟ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವು. ಅವು ಓಡುತ್ತವೆ, ಬೀಳುತ್ತವೆ, ಮಂಡಿ ತರಚಿಕೊಳ್ಳುತ್ತವೆ. ಎಣಿಸುವಾಗ ಮಾತ್ರ ಅವಿಲ್ಲ. ಇಡೀ ವಿಶ್ವವಿದ್ಯಾಲಯದ ಲೆಕ್ಕ ಬರೆದ ನಾವು ಮೂವತ್ತು ವರ್ಷ ಹಾಗೇ ಆಡಿದೆವು.

‘ಇತರೆ’ಯ ಜಾಗ ಸಾಲದೆ ಹಾಳೆ ತಿರುಗಿಸಿ ಹಿಂದೆಯೂ ಬರೆದುಕೊಟ್ಟೆ. ಹದಿನೇಳನೆಯ ಪ್ರಶ್ನೆಯನ್ನು ಹಾಗೇ ಖಾಲಿ ಬಿಟ್ಟೆ. "ಒಂದು ಉತ್ತರ ಬಿಟ್ಟರೂ ಇಡೀ ಪ್ರಶ್ನಾವಳಿ ಲೆಕ್ಕಕ್ಕೆ ಬರೋಲ್ಲ ಮೇಡಂ" ಎಂದಳು ಹುಡುಗಿ. "ಬರಬೇಡ ಬಿಡಮ್ಮಾ" ಎಂದೆ. "ಪ್ರಶ್ನೆ ತಿದ್ದಿಕೊಂಡು ಬಾ. ಆಗ ತುಂಬಿಕೊಡ್ತೀನಿ."